ನಾಟಿ ಭತ್ತದ ಬೀಜ ಕೆಡದಂತೆ ಉಳಿಸುವುದು ಹೇಗೆ

ಯಾರೋ ಒಂದು ಸೇರು ರಾಜಮುಡಿ ಬೀಜ ಕೊಟ್ಟರು, ಈ ವರ್ಷ ಬೆಳೆದೆ, ಅನ್ನ ಬಹಳ ಚೆನ್ನಾಗಿತ್ತು, ಮುಂದಿನ ವರ್ಷಕ್ಕೆ ಅದರಲ್ಲೇ ಬೀಜ ಇಟ್ಟುಕೊಳ್ಳಬೇಕು, ಹೇಗೆ? ನನ್ನ ಹತ್ತಿರ ಜನ ಜಾಸ್ತಿ ಕೇಳುವ ಪ್ರಶ್ನೆ ಇದೇ. ಮೂಟೆಯಿಂದ ಒಂದು ಚೀಲ ತೆಗೆದಿಟ್ಟರೆ ಆಗೋದಿಲ್ವಾ ಅಂತಲೂ ಕೇಳುತ್ತಾರೆ. ಒಂದು ವರ್ಷ ಆಗುತ್ತದೆ, ಎರಡು ವರ್ಷವೂ ಆಗಬಹುದು. ನಾಲ್ಕನೇ ವರ್ಷಕ್ಕೆ ಗದ್ದೆಯಲ್ಲಿ ನಿಂತಿರೋದು ರಾಜಮುಡಿಯೋ ಇನ್ನೇನೋ ಅಂತ ನಿಮಗೇ ಗೊತ್ತಾಗುವುದಿಲ್ಲ. ಇದಕ್ಕೆ ಉಲ್ಟಾ ತಪ್ಪೂ ಒಂದಿದೆ. ಗದ್ದೆಗೆಲ್ಲ ಚೆನ್ನಾಗಿರುವ ಎರಡೇ ಎರಡು ಗಿಡದಿಂದ ಬೀಜ ತೆಗೆದು, ತಳಿ ಶುದ್ಧ ಮಾಡಿದೆ ಅಂತ ಖುಷಿ ಪಡುವುದು. ಇದರಿಂದ ಆಗುವ ನಷ್ಟ ಮೊದಲನೆಯದಕ್ಕಿಂತ ದೊಡ್ಡದು.

ಯಾಕೆ ಅಂತ ಮೊದಲು ಹೇಳುತ್ತೇನೆ, ಆಮೇಲೆ ಕೆಲಸಕ್ಕೆ ಬರೋಣ.

ನಾಟಿ ತಳಿ, ಅಂದರೆ ನಮ್ಮ ಊರುಗಳ ಹಳೇ ತಳಿ, ಒಂದು ಊರಿದ್ದ ಹಾಗೆ. ಊರಿನವರೆಲ್ಲ ಒಂದೇ ಮಾತು ಆಡುತ್ತಾರೆ, ಒಂದೇ ಜಾತ್ರೆ ಮಾಡುತ್ತಾರೆ, ಹೊರಗಿನವರು ನೋಡಿದರೆ ಇವರು ಇಂಥ ಊರಿನವರು ಅಂತ ಗುರುತು ಹಿಡಿಯುತ್ತಾರೆ. ಆದರೆ ಒಳಗೆ ಎತ್ತರದವರು, ಗಿಡ್ಡದವರು, ಬಿಸಿಲು ತಡೆಯುವವರು, ತಡೆಯದವರು ಎಲ್ಲರೂ ಇರುತ್ತಾರೆ. ನಾಟಿ ಭತ್ತದ ಗದ್ದೆಯೂ ಹಾಗೇ. ದೂರದಿಂದ ಒಂದೇ ಪೈರು. ಬದುವಿನ ಮೇಲೆ ಕೂತು ಹತ್ತು ನಿಮಿಷ ನೋಡಿ, ಒಂದು ಗಿಡ ನಾಲ್ಕು ದಿನ ಮೊದಲೇ ಹೊಡೆ ಒಡೆದು ತೆನೆ ಹಾಕಿದೆ, ಇನ್ನೊಂದಕ್ಕೆ ಕಾಂಡ ದಪ್ಪ, ಮತ್ತೊಂದಕ್ಕೆ ಬೆಂಕಿ ರೋಗದ ಚುಕ್ಕೆ ಕಡಿಮೆ. ಭತ್ತ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಬೆಳೆ. ಹಾಗಾಗಿ ಈ ಒಂದೊಂದು ಗುಣವೂ ಬೇರೆ ಬೇರೆ ಸಂಸಾರದಂತೆ ತಲೆಮಾರಿನಿಂದ ತಲೆಮಾರಿಗೆ ಪಕ್ಕ ಪಕ್ಕದಲ್ಲೇ ನಡೆದು ಬಂದಿರುತ್ತದೆ. ಮಳೆ ಕೈಕೊಟ್ಟ ವರ್ಷ ಒಂದು ಸಂಸಾರ ಗದ್ದೆಯನ್ನು ಉಳಿಸುತ್ತದೆ, ರೋಗದ ವರ್ಷ ಇನ್ನೊಂದು.

ತಳಿ ಅಭಿವೃದ್ಧಿ ಮಾಡುವವರು ನಾಟಿ ತಳಿಗಳನ್ನು ಹುಡುಕಿಕೊಂಡು ಬರುವುದೂ ಇದಕ್ಕೇ. 1966ರಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಐಆರ್ 8 ಬಂತು. ಹಸಿರು ಕ್ರಾಂತಿಯ ಭತ್ತ ಅಂದರೆ ಅದೇ. ಅದರ ಗಿಡ್ಡ ಕಾಂಡ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ತೈವಾನಿನ ಡೀ-ಜಿಯೋ-ವು-ಜೆನ್ ಎಂಬ ಗಿಡ್ಡ ನಾಟಿ ಭತ್ತದಿಂದ ಬಂದದ್ದು. ಅದನ್ನು ಇಂಡೋನೇಷ್ಯಾದ ಪೆಟಾ ಎಂಬ ಎತ್ತರದ ಭತ್ತದ ಜೊತೆ ಕ್ರಾಸ್ ಮಾಡಿದ್ದರು. ಒಡಿಶಾದ ನಾಟಿ ಭತ್ತದಿಂದ ಆರಿಸಿದ ಎಫ್‌ಆರ್ 13ಎ ಎಂಬ ತಳಿ ಸುಮಾರು ಎರಡು ವಾರ ಪೂರ್ತಿ ನೀರಿನಲ್ಲಿ ಮುಳುಗಿದ್ದರೂ ಸಾಯುವುದಿಲ್ಲ. ಆ ಶಕ್ತಿ ಕೊಡುವ ವಂಶವಾಹಿ ಯಾವುದು ಅಂತ 2006ರಲ್ಲಿ ಗುರುತಿಸಿದರು, ಅದನ್ನು ಸ್ವರ್ಣ ತಳಿಗೆ ಸೇರಿಸಿದ ಸ್ವರ್ಣ-ಸಬ್1 2009ರಲ್ಲಿ ನಮ್ಮ ದೇಶದ ರೈತರ ಕೈಗೆ ಬಂತು. ಉಪ್ಪುನೀರು ತಡೆಯುವ ಗುಣಕ್ಕೆ ವಿಜ್ಞಾನಿಗಳು ಕೇರಳದ ಪೊಕ್ಕಾಳಿಯ ಹತ್ತಿರ ಹೋದರು. ನಮ್ಮಲ್ಲೂ ಅಂಥದ್ದು ಇದೆ, ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಕಗ್ಗ. ಸಮುದ್ರದ ಉಪ್ಪುನೀರು ನುಗ್ಗುವ ಜಾಗದಲ್ಲಿ ಬೆಳೆಯುವ ಭತ್ತ ಅದು.

ರಾಗಿಯ ವಿಷಯ ನಮ್ಮವರಿಗೆ ಇನ್ನೂ ಹತ್ತಿರದ್ದು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯುತ್ತಾರೆ. ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಅವರು ತಂದದ್ದೇ ಇಂಡಾಫ್ ತಳಿಗಳು. ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಹೆಸರಿನಲ್ಲೇ ಎರಡೂ ಇದೆ. ಇವತ್ತು ಜಾಸ್ತಿ ಬೆಳೆಯುವ ಜಿಪಿಯು 28ರ ವಂಶ ನೋಡಿದರೆ ಅಲ್ಲಿಯೂ ಇಂಡಾಫ್ 5, ಇಂಡಾಫ್ 9 ಸಿಗುತ್ತವೆ. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರಲ್ಲಿ ಕ್ರಾಸ್ ಮಾಡಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಒಂದು ಸಲ ಕೈಯಲ್ಲಿ ತೆನೆ ಹಿಡಿದು ನೋಡಿದವರಿಗೆ ಅರ್ಥ ಆಗುತ್ತದೆ.

ಇಷ್ಟು ಗುಣ ನಾಟಿ ತಳಿಯಲ್ಲಿ ಉಳಿದಿರುವುದು ಅದರೊಳಗೆ ವೈವಿಧ್ಯ ಇರುವುದರಿಂದ. ನೀವು ಬೀಜ ಉಳಿಸುವಾಗ ತಳಿಯ ಹೆಸರೂ ಉಳಿಯಬೇಕು, ಒಳಗಿನ ಈ ಊರೂ ಉಳಿಯಬೇಕು. ಕೆಳಗೆ ಹೇಳುವುದೆಲ್ಲ ಇದಕ್ಕಾಗಿಯೇ.

ಬೀಜ ತರುವಾಗ

ಬೀಜದ ಜೊತೆ ಅದರ ಕಥೆಯನ್ನೂ ತನ್ನಿ. ಯಾವ ಊರು, ಯಾರ ಮನೆ, ಎಷ್ಟು ವರ್ಷದಿಂದ ಬೆಳೆಯುತ್ತಿದ್ದಾರೆ, ಯಾವ ಮಳೆಗೆ ಸಸಿ ಹಾಕುತ್ತಾರೆ, ಗದ್ದೆ ಕೆಸರಿನದೋ ಎತ್ತರದ ಮಕ್ಕಿಯೋ, ಎಷ್ಟು ದಿನಕ್ಕೆ ಕುಯ್ಲು, ಅನ್ನಕ್ಕೋ ಅವಲಕ್ಕಿಗೋ ದೋಸೆಗೋ, ಹುಲ್ಲು ದನ ತಿನ್ನುತ್ತದಾ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆದುಕೊಳ್ಳಿ, ಮನೆಗೆ ಬಂದು ಬರೆಯುತ್ತೇನೆ ಅಂದರೆ ಅರ್ಧ ಮರೆತುಹೋಗುತ್ತದೆ. ಒಂದೇ ಹೆಸರಿನಲ್ಲಿ ಎರಡು ಬೇರೆ ಭತ್ತ ಇರುವುದೂ, ಒಂದೇ ಭತ್ತಕ್ಕೆ ಮೂರು ಊರಲ್ಲಿ ಮೂರು ಹೆಸರು ಇರುವುದೂ ಮಾಮೂಲು. ಹಾಗಾಗಿ ಹೆಸರಿನ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಎರಡು ತೆನೆಯನ್ನು ಕಾಳು ಸಮೇತ ಕವರಿನಲ್ಲಿ ಹಾಕಿ ಆ ಪುಟಕ್ಕೆ ಪಿನ್ ಮಾಡಿ ಇಟ್ಟರೆ ಮುಂದೆ ಅನುಮಾನ ಬಂದಾಗ ಪಕ್ಕದಲ್ಲಿಟ್ಟು ನೋಡಬಹುದು.

ಬೀಜ ಎಲ್ಲಿ ಸಿಗುತ್ತದೆ ಅಂದರೆ, ಮೊದಲು ನಿಮ್ಮ ಸುತ್ತಲ ಹಳೇ ಮನೆಗಳಲ್ಲಿ ಕೇಳಿ. ಆಮೇಲೆ ಸಹಜ ಸಮೃದ್ಧದಂಥವರು ನಡೆಸುವ ಬೀಜ ಮೇಳಗಳಿಗೆ ಹೋಗಿ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ತಮ್ಮ ಹೊಲದಲ್ಲೇ ನೂರಾರು ಭತ್ತದ ತಳಿಗಳನ್ನು ಪ್ರತಿ ವರ್ಷ ಬೆಳೆದು ಉಳಿಸಿದ್ದಾರೆ. ಒಂದು ಸಲ ತೆನೆ ಬರುವ ಕಾಲಕ್ಕೆ ಹೋಗಿ ನೋಡಿ. ಕಪ್ಪು ಹೊಟ್ಟಿನ ಭತ್ತ, ಕೆಂಪು ಹೊಟ್ಟಿನದು, ಮುಳ್ಳಿರುವುದು, ಮಲ್ಲಿಗೆ ಮೊಗ್ಗಿನಷ್ಟು ಸಣ್ಣದು ಎಲ್ಲ ಸಾಲು ಸಾಲಾಗಿ ಒಂದೇ ಕಡೆ ನಿಂತಿರುವುದನ್ನು ನೋಡಿದ ಮೇಲೆ ಭತ್ತ ಅಂದರೆ ಇಷ್ಟೇ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಆದಷ್ಟು ನಿಮ್ಮ ಸೀಮೆಯ ತಳಿಯನ್ನೇ ಹಿಡಿಯಿರಿ. ಮಲೆನಾಡಿನ ನೆರೆಗುಳಿ ಭತ್ತಕ್ಕೆ ನೀರು ನಿಲ್ಲುವ ತಗ್ಗು ಗದ್ದೆ ಬೇಕು, ಅದನ್ನು ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಬೆಳೆದರೆ ಅದರ ಗುಣ ನಿಮಗೆ ಕಾಣುವುದೇ ಇಲ್ಲ.

ಎಷ್ಟು ಜಾಗ, ಎಷ್ಟು ಬೀಜ

ಬೀಜಕ್ಕೆ ಅಂತಲೇ ಒಂದು ಗುಂಟೆ ಬೇರೆ ಇಡಿ. ಒಂದು ಗುಂಟೆ ಅಂದರೆ ಸುಮಾರು 100 ಚದರ ಮೀಟರ್. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್ ಬಿಟ್ಟರೆ ಚದರ ಮೀಟರಿಗೆ 25 ಗಿಡ, ಗುಂಟೆಗೆ 2,500 ಗಿಡ. ಸಾವಿರ ಕಾಳು 20ರಿಂದ 25 ಗ್ರಾಂ ತೂಗುತ್ತದೆ. ಅಂದರೆ 60 ಗ್ರಾಂ ಬೀಜ ಸಾಕು. ಮೊಳೆಯದೆ ಹೋಗುವುದು, ಹಕ್ಕಿ, ಇಲಿ ಎಲ್ಲ ಲೆಕ್ಕ ಹಾಕಿ 200 ಗ್ರಾಂ ಸಸಿ ಮಡಿಗೆ ಹಾಕಿ.

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ರಾಜಿ ಆಗಬೇಡಿ. ಬೀಜದ ಗುಂಟೆಯಲ್ಲಿ ಗುಣಿಗೆ ಒಂದೇ ಸಸಿ ನೆಡಬೇಕು. ನಾಟಿ ಹಾಕುವವರು ಅಭ್ಯಾಸದಂತೆ ಮೂರು ನಾಲ್ಕು ಸಸಿ ಕಿತ್ತು ಒಟ್ಟಿಗೆ ಊರುತ್ತಾರೆ. ಹಾಗೆ ನೆಟ್ಟರೆ ಮುಂದೆ ಒಂದು ಬುಡದಲ್ಲಿ ಕಾಣುವ ತೆಂಡೆಗಳು (ಬುಡದಿಂದ ಒಡೆಯುವ ಕವಲುಗಳು) ಒಂದೇ ಗಿಡದವೋ ನಾಲ್ಕು ಗಿಡದವೋ ಗೊತ್ತಾಗುವುದಿಲ್ಲ, ಬೆರಕೆ ಕೀಳುವುದೂ ಆಗುವುದಿಲ್ಲ, ಆರಿಸುವುದೂ ಆಗುವುದಿಲ್ಲ. ನಾಟಿಗೆ ಬಂದವರ ಜೊತೆ ಆ ದಿನ ನೀವೂ ಗದ್ದೆಗೆ ಇಳಿಯಿರಿ. ಮೊದಲ ಸಾಲು ನೀವೇ ನೆಟ್ಟು ತೋರಿಸಿದರೆ ಅವರೂ ಹಾಗೇ ನೆಡುತ್ತಾರೆ.

ಕಾಲದ ವಿಷಯದಲ್ಲೂ ಎಚ್ಚರ. ಹಳೇ ತಳಿಗಳಲ್ಲಿ ಬಹಳಷ್ಟಕ್ಕೆ ಹಗಲು ಸಣ್ಣದಾಗುತ್ತಾ ಬಂದಾಗಲೇ ಹೊಡೆ ಬರುವುದು. ಮುಂಗಾರಿನಲ್ಲಿ ಹಾಕಿದರೆ ಸರಿಯಾಗಿ ಬರುವ ಭತ್ತವನ್ನು ಬೇಸಿಗೆಯಲ್ಲಿ ಹಾಕಿ, ಎಲೆ ಮಾತ್ರ ಬಂತು, ತೆನೆ ಬರಲೇ ಇಲ್ಲ ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ತಳಿಯ ತಪ್ಪಲ್ಲ ಅದು.

ಪಕ್ಕದ ಗದ್ದೆಯಿಂದ ದೂರ

ಭತ್ತದ ಹೂವು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ ಸ್ವಲ್ಪ ಹೊತ್ತು ಬಾಯಿ ತೆರೆದು ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಅದರದೇ ಪರಾಗ ಅದರ ಮೇಲೆ ಬಿದ್ದಿರುತ್ತದೆ. ಹೊರಗಿನ ಪರಾಗ ಸೇರುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗಾಗಿ ಮೂರು ಮೀಟರ್ ಅಂತರ ಸಾಕು. ಅಷ್ಟೂ ಜಾಗ ಇಲ್ಲ ಅಂದರೆ ಪಕ್ಕದವರಿಗೂ ನಿಮಗೂ ಹೂವಿನ ಕಾಲ ಎರಡು ಮೂರು ವಾರ ಹಿಂದೆ ಮುಂದೆ ಆಗುವ ಹಾಗೆ ನೋಡಿಕೊಳ್ಳಿ.

ಈ ಅನುಕೂಲ ಎಲ್ಲ ಬೆಳೆಗೂ ಇಲ್ಲ. ರಾಗಿ ಭತ್ತದ ಹಾಗೇ. ಬದನೆಯಲ್ಲಿ ದುಂಬಿ ಓಡಾಡುತ್ತದೆ, ಉಡುಪಿ ಕಡೆಯ ಮಟ್ಟು ಗುಳ್ಳದ ಬೀಜ ಇಡುವವರು ಬೇರೆ ಬದನೆಯನ್ನು 200 ಮೀಟರ್ ದೂರ ಇಟ್ಟರೆ ಒಳ್ಳೆಯದು, ಇಲ್ಲವಾದರೆ ಹೂವು ಅರಳುವ ಮುಂಚೆ ಅದಕ್ಕೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಸಜ್ಜೆ, ಮೆಕ್ಕೆಜೋಳದಲ್ಲಿ ಗಾಳಿಯೇ ಪರಾಗ ಹೊರುತ್ತದೆ. ಹಿಮಾಲಯದ ಕಡೆ ಬೀಜದ ಚಟ್ನಿಗೂ ನಾರಿಗೂ ಬೆಳೆಯುವ ಭಂಗಿಯಲ್ಲಂತೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಪರಾಗ ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ, ಅಲ್ಲಿ ಹಳೇ ತಳಿಯನ್ನು ಒಬ್ಬರೇ ಉಳಿಸುವುದು ಕಷ್ಟ, ಕಣಿವೆಗೆ ಕಣಿವೆಯೇ ಒಂದಾಗಬೇಕು. ಭತ್ತ ಹಿಡಿದವರು ಪುಣ್ಯ ಮಾಡಿದ್ದೀರಿ. ಮೊದಲ ಸಲ ಬೀಜ ಉಳಿಸುವವರಿಗೆ ಇದಕ್ಕಿಂತ ಒಳ್ಳೆಯ ಬೆಳೆ ಇಲ್ಲ.

ಬೆರಕೆ ಕೀಳುವುದು

ಗಾಳಿಗಿಂತ ಜಾಸ್ತಿ ಬೆರಕೆ ಬರುವುದು ನಮ್ಮ ಕೈಯಿಂದ. ಹಿಂದಿನ ವರ್ಷದ ಉದುರು ಕಾಳು ಗದ್ದೆಯಲ್ಲೇ ಮೊಳೆಯುವುದು, ಕಣದಲ್ಲಿ ಎರಡು ಭತ್ತ ಸೇರುವುದು, ಚೀಲದ ಮೂಲೆಯಲ್ಲಿ ಉಳಿದ ಹತ್ತು ಕಾಳು. ನಮ್ಮ ಮನೆಯಲ್ಲಿ ಒಂದು ವರ್ಷ ಬಾಡಿಗೆ ಮಿಷನ್ನಿನಲ್ಲಿ ಒಕ್ಕಣೆ ಮಾಡಿಸಿದೆವು, ಅದರೊಳಗೆ ಹಿಂದಿನ ಗದ್ದೆಯ ಸಣ್ಣ ಭತ್ತ ಉಳಿದಿತ್ತು. ಮುಂದಿನ ವರ್ಷ ರಾಜಮುಡಿ ನಡುವೆ ಅಲ್ಲಲ್ಲಿ ಮೊಣಕಾಲೆತ್ತರದ ಗಿಡ ಎದ್ದು ನಿಂತವು. ಅವನ್ನು ಕಿತ್ತು ಮುಗಿಸುವುದಕ್ಕೆ ಎರಡು ಬೆಳೆ ಬೇಕಾಯಿತು.

ಮೂರು ಸಲ ಗದ್ದೆಗೆ ಇಳಿಯಬೇಕು. ತೆಂಡೆ ಒಡೆಯುವಾಗ ಬುಡದ ಬಣ್ಣ ನೋಡಿ. ಕೆಲವು ಭತ್ತಕ್ಕೆ ಬುಡ ನೇರಳೆ, ಕೆಲವಕ್ಕೆ ಹಸಿರು. ನಿಮ್ಮ ತಳಿ ಹಸಿರು ಬುಡದ್ದಾದರೆ ನೇರಳೆ ಬುಡದ ಗಿಡ ಹೊರಗಿನದು. ಎರಡನೇ ಸಲ ಹೊಡೆ ಒಡೆದು ಹೂ ಬರುವಾಗ. ಇಪ್ಪತ್ತು ದಿನ ಮೊದಲೇ ತೆನೆ ಹಾಕಿದ ಗಿಡ, ಒಂದು ಮೊಳ ಎತ್ತರ ಜಾಸ್ತಿ ಇರುವ ಗಿಡ ಬೇರೆ ಊರಿನವು. ಮೂರನೇ ಸಲ ಕಾಳು ಬಲಿತಾಗ. ಈಗ ಕಾಳಿನ ಆಕಾರ, ಹೊಟ್ಟಿನ ಬಣ್ಣ, ತುದಿಯ ಮುಳ್ಳು ಇದೆಯೋ ಇಲ್ಲವೋ ನೋಡಿ. ಕಾಳು ಮುಟ್ಟಿದರೆ ಉದುರುವ ಗಿಡ ಇದ್ದರೆ ಅದು ಕಾಡುಭತ್ತದ ಬೆರಕೆ, ಉದುರುವ ಮುಂಚೆಯೇ ಬೇರು ಸಮೇತ ಕೀಳಿ.

ಈಗ ಕಷ್ಟದ ಪ್ರಶ್ನೆ. ಯಾವುದು ಬೆರಕೆ, ಯಾವುದು ತಳಿಯದೇ ಒಳಗಿನ ಸಂಸಾರ? ನಮ್ಮ ರಾಜಮುಡಿ ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಕೆಲವು ಕಾಳು ಕೆಂಪು, ಕೆಲವು ತಿಳಿ ಕೆಂಪು, ಕೆಲವು ಹೆಚ್ಚು ಕಡಿಮೆ ಬಿಳಿ. ಅಂಗಡಿಯವರು ಇದು ಕಲಬೆರಕೆ ಅನ್ನುತ್ತಾರೆ. ನನ್ನ ಲೆಕ್ಕ ಇದು: ವ್ಯತ್ಯಾಸ ಸಣ್ಣದಾಗಿದ್ದು ಪ್ರತಿ ವರ್ಷ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಾಣುತ್ತಿದ್ದರೆ, ಹಳೇ ಬೆಳೆಗಾರರ ಮನೆಯಲ್ಲೂ ಅದೇ ಇದ್ದರೆ, ಬಿಡಿ. ಇದ್ದಕ್ಕಿದ್ದಂತೆ ಹೊಸದಾಗಿ ಬಂದು, ಎತ್ತರ, ಕಾಲ, ಕಾಳು ಮೂರರಲ್ಲೂ ಬೇರೆಯಾಗಿದ್ದರೆ ಕಿತ್ತು ಹಾಕಿ. ಅನುಮಾನ ಇದ್ದ ಗಿಡಕ್ಕೆ ಒಂದು ದಾರ ಕಟ್ಟಿ, ಅದರ ಬೀಜವನ್ನು ಬೇರೆ ಇಟ್ಟು ಮುಂದಿನ ವರ್ಷ ಒಂದು ಸಾಲು ಹಾಕಿ ನೋಡಿ. ಅವಸರ ಬೇಡ.

ತೆನೆ ಆರಿಸುವುದು

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಎರಡನೇ ವರ್ಷ ನನಗೆ ಹುಮ್ಮಸ್ಸು ಜಾಸ್ತಿ. ಗದ್ದೆಯಲ್ಲಿ ಸುತ್ತಾಡಿ ಎಲ್ಲಕ್ಕಿಂತ ದಪ್ಪ, ಉದ್ದ ತೆನೆ ಇರುವ ಹದಿನೈದು ಗಿಡ ಆರಿಸಿದೆ. ತೆನೆ ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತಿತ್ತು. ಅವೆಲ್ಲ ಒಂದು ವಾರ ತಡವಾಗಿ ಹೂ ಬಿಟ್ಟ ಗಿಡಗಳು, ಆ ವರ್ಷ ಹಿಂಗಾರು ಚೆನ್ನಾಗಿ ಬಂದಿದ್ದರಿಂದ ಕೊನೆಯವರೆಗೂ ನೀರು ಸಿಕ್ಕಿತ್ತು, ಅದನ್ನು ನಾನು ಗಮನಿಸಲಿಲ್ಲ. ಅವುಗಳ ಬೀಜವನ್ನೇ ಮುಂದಿನ ವರ್ಷ ಪೂರ್ತಿ ಗದ್ದೆಗೆ ಹಾಕಿದೆ. ಆ ವರ್ಷ ಮಳೆ ಬೇಗ ನಿಂತಿತು. ಗದ್ದೆ ಒಡೆದು ಬಿರುಕು ಬಿಟ್ಟ ಸಮಯಕ್ಕೆ ಸರಿಯಾಗಿ ಇಡೀ ಪೈರು ಹೂವಿನಲ್ಲಿತ್ತು. ಕುಯ್ದು ಬಡಿದಾಗ ಅರ್ಧಕ್ಕರ್ಧ ಜೊಳ್ಳು. ಬೇಗ ಹೂ ಬಿಡುವ ಗಿಡಗಳು ನಾಲ್ಕಾದರೂ ಇದ್ದಿದ್ದರೆ ಬೀಜಕ್ಕಾದರೂ ಆಗುತ್ತಿತ್ತು, ಅವನ್ನು ನಾನೇ ಕೈಬಿಟ್ಟಿದ್ದೆ.

ಮತ್ತೆ ಬೀಜ ಕೇಳಿಕೊಂಡು, ಮೊದಲು ಕೊಟ್ಟಿದ್ದ ಪಕ್ಕದೂರಿನ ಅಜ್ಜಿಯ ಮನೆಗೇ ಹೋದೆ. ಕಥೆ ಕೇಳಿ ಅವರು ಬೈಯಲಿಲ್ಲ. "ದಪ್ಪ ತೆನೆ ನೋಡಿ ಆಸೆ ಪಟ್ಟೆ ಕಣ್ ಮಗಾ. ತೆನೆ ಒಂದೇ ನೋಡ್ಬಾರ್ದು, ಗದ್ದೆನೂ ನೋಡ್ಬೇಕು" ಅಂದರು. ಒಳಗಿಂದ ಮೊರದಲ್ಲಿ ಬೀಜ ತಂದು ಸುರಿದರು. ಅವರು ಬೀಜ ಇಡುವುದು ಹೇಗೆ ಅಂತ ಆವತ್ತು ಕೂತು ಕೇಳಿದೆ. ಕುಯ್ಲಿನ ಹಿಂದಿನ ದಿನ ಗದ್ದೆಯ ಈ ತುದಿಯಿಂದ ಆ ತುದಿಯವರೆಗೆ ಓರೆಯಾಗಿ ನಡೆಯುತ್ತಾ, ಅಲ್ಲೊಂದು ಇಲ್ಲೊಂದು ಒಳ್ಳೆಯ ತೆನೆ ಕುಯ್ದು ಮಡಿಲು ತುಂಬಿಸಿಕೊಳ್ಳುವುದು, ಒಂದು ಗಿಡದಿಂದ ಒಂದೇ ತೆನೆ. ತಳಿ ವಿಜ್ಞಾನ ಓದಿದವರು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ.

ಈಗ ನಾನು ಮಾಡುವುದು ಹೀಗೆ. ಬೀಜದ ಗುಂಟೆಯ ಸುತ್ತ ಎರಡು ಸಾಲು ಬಿಟ್ಟುಬಿಡುತ್ತೇನೆ. ಬದುವಿನ ಪಕ್ಕದ ಗಿಡಕ್ಕೆ ಗಾಳಿ ಬೆಳಕು ಜಾಸ್ತಿ ಸಿಗುವುದರಿಂದ ಅದು ಚೆನ್ನಾಗಿ ಕಾಣುತ್ತದೆ, ಅದು ಗಿಡದ ಗುಣವಲ್ಲ. ಉಳಿದದ್ದನ್ನು ಹಗ್ಗ ಎಳೆದು 20 ಚೌಕ ಮಾಡುತ್ತೇನೆ. ಪ್ರತಿ ಚೌಕದಲ್ಲೂ ಆ ಚೌಕದೊಳಗಿನ ಗಿಡಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ ಹತ್ತು ಒಳ್ಳೆಯ ಗಿಡ ಆರಿಸುವುದು. ಇದು ಯಾಕೆ ಅಂದರೆ ನೀರಿನ ಬಾಯಿಯ ಹತ್ತಿರ ಗೊಬ್ಬರ ಕೊಚ್ಚಿಕೊಂಡು ಬಂದು ನಿಂತಿರುತ್ತದೆ, ಅಲ್ಲಿನ ಸಾಧಾರಣ ಗಿಡವೂ ಮೇಲ್ಗಡೆ ಒಣಗಿದ ಜಾಗದ ಬಲವಾದ ಗಿಡಕ್ಕಿಂತ ಚೆನ್ನಾಗಿ ಕಾಣುತ್ತದೆ, ಚೌಕ ಮಾಡದೆ ಆರಿಸಿದರೆ ನೀವು ಆರಿಸುವುದು ಗೊಬ್ಬರವನ್ನೇ ಹೊರತು ಗಿಡವನ್ನಲ್ಲ. ಆರಿಸುವಾಗ ತೆನೆಯ ಜೊತೆ ಬುಡ, ಕಾಂಡದ ಬಲ, ಎಲೆಯ ಆರೋಗ್ಯ ಎಲ್ಲ ನೋಡಿ. ಬೇಗ ಬಲಿತವೂ ಇರಲಿ, ತಡವಾದವೂ ಇರಲಿ. ರೋಗ ಬಿದ್ದದ್ದು, ಬಿದ್ದುಕೊಂಡದ್ದು, ಜೊಳ್ಳು ಜಾಸ್ತಿ ಇರುವುದು ಬೇಡ. ಅಷ್ಟೇ.

20 ಚೌಕಕ್ಕೆ ಹತ್ತರಂತೆ 200 ಗಿಡ, 200 ತೆನೆ. ತೆನೆಗೆ ನೂರು ಚಿಲ್ಲರೆ ಕಾಳು ಅಂದರೂ ಅರ್ಧ ಕಿಲೋ ಹತ್ತಿರ ಬೀಜ ಸಿಗುತ್ತದೆ, ಎರಡು ಗುಂಟೆಗೆ ಧಾರಾಳ. ಜಾಗ ಕಡಿಮೆ ಇದ್ದವರು ನೂರು ಗಿಡಕ್ಕಾದರೂ ಇಳಿಯದ ಹಾಗೆ ನೋಡಿಕೊಳ್ಳಿ. ಟೆರೇಸಿನ ಮೇಲೆ ಬಕೆಟ್ಟಿನಲ್ಲಿ ಹತ್ತು ಗಿಡ ಬೆಳೆದರೆ ಭತ್ತ ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಬಹುದು, ತಳಿ ಉಳಿಸಿದಂತೆ ಆಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು ಅನ್ನುವವರು ತೆನೆ-ಸಾಲು ಮಾಡಿ. 50 ತೆನೆಗಳನ್ನು ಬೇರೆ ಬೇರೆ ಕವರಿನಲ್ಲಿ ಇಟ್ಟು, ಮುಂದಿನ ವರ್ಷ ಒಂದು ತೆನೆಯ ಬೀಜ ಒಂದು ಸಾಲಿಗೆ, ಸಾಲಿಗೆ 20 ಗಿಡ. ಆಗ ಒಂದೊಂದು ಸಂಸಾರವೂ ಕಣ್ಣಮುಂದೆ ಬೇರೆ ಬೇರೆ ನಿಲ್ಲುತ್ತದೆ. ಇದು ನೋಡುವುದಕ್ಕೇ ಒಂದು ಚಂದ. ಕೆಟ್ಟ ಸಾಲುಗಳನ್ನು ಬಿಟ್ಟು ಉಳಿದ ಎಲ್ಲ ಸಾಲಿನ ಬೀಜವನ್ನು ಸಮಸಮ ಕೂಡಿಸಿ. ಯಾವುದೋ ಒಂದು ಸಾಲು ಬಹಳ ಇಷ್ಟವಾದರೆ ಅದನ್ನು ಬೇರೆ ಹೆಸರಿಟ್ಟು ಬೇರೆ ಬೆಳೆಯಿರಿ, ತಪ್ಪಿಲ್ಲ, ಆದರೆ ಕೂಡು ಬೀಜವನ್ನು ಅದಕ್ಕೋಸ್ಕರ ಕೈಬಿಡಬೇಡಿ.

ಕುಯ್ಲು, ಒಣಗಿಸುವುದು, ಇಡುವುದು

ಹೂ ಬಿಟ್ಟು ಸುಮಾರು ಒಂದು ತಿಂಗಳಿಗೆ, ತೆನೆಯ ಬುಡದ ನಾಲ್ಕೈದು ಕಾಳು ಮಾತ್ರ ಹಸಿರು ಇರುವಾಗ ಬೀಜದ ತೆನೆ ಕುಯ್ಯಿರಿ. ಪೂರ್ತಿ ಒಣಗಲಿ ಅಂತ ಕಾದರೆ ಇಬ್ಬನಿ ಬಿಸಿಲು ಬಿದ್ದು ಕಾಳು ಒಳಗೇ ಸೀಳುತ್ತದೆ. ಮಿಷನ್ ಬೇಡ. ಮನೆಯ ಅಂಗಳದಲ್ಲಿ ಹಳೇ ಸೀರೆ ಹಾಸಿ ಕೈಯಲ್ಲೇ ಉಜ್ಜಿ ಅಥವಾ ಮಣೆಗೆ ಬಡಿದು ಉದುರಿಸಿ. ಎರಡು ತಳಿ ಇದ್ದರೆ ಒಂದೇ ದಿನ ಎರಡನ್ನೂ ಅಂಗಳಕ್ಕೆ ತರಬೇಡಿ.

ಕಾದ ಸಿಮೆಂಟಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ಹಾಕಬಾರದು, ಮೊಳಕೆ ಸಾಯುತ್ತದೆ. ಚಾಪೆಯ ಮೇಲೆ ತೆಳ್ಳಗೆ ಹರಡಿ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ಹೀಗೆ ನಾಲ್ಕೈದು ದಿನ. ಹಲ್ಲಲ್ಲಿ ಕಡಿದರೆ ಟಕ್ ಅಂತ ಮುರಿಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಣಗಬೇಕು. ಬೀಜದ ತೇವ ನೂರಕ್ಕೆ 12ರ ಹತ್ತಿರ ಬಂದಿರಬೇಕು. ತೇವ ಒಂದೊಂದು ಅಂಶ ಇಳಿದ ಹಾಗೂ, ಇಟ್ಟ ಜಾಗದ ಶಾಖ ಐದೈದು ಡಿಗ್ರಿ ಇಳಿದ ಹಾಗೂ ಬೀಜದ ಆಯಸ್ಸು ಹೆಚ್ಚು ಕಡಿಮೆ ಎರಡು ಪಟ್ಟು ಆಗುತ್ತದೆ ಅನ್ನುವುದು ಬೀಜ ಇಡುವವರ ಹಳೇ ಲೆಕ್ಕ.

ಕರಾವಳಿಯ ಕಡೆ ಹುಲ್ಲಿನ ಮುಡಿ ಕಟ್ಟುತ್ತಾರೆ. ನಮ್ಮ ಕಡೆ ಮಣ್ಣಿನ ವಾಡೆ ಇತ್ತು. ಇವತ್ತು ನಮ್ಮಂಥವರಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು, ತಳಕ್ಕೆ ಒಣಗಿದ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಮೇಲೆ ಒಣಗಿದ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ. ಡಬ್ಬಿಯ ಒಳಗೊಂದು ಚೀಟಿ, ಹೊರಗೊಂದು ಚೀಟಿ. ಹೊರಗಿನದು ಕಿತ್ತುಹೋಗುತ್ತದೆ, ಒಳಗಿನದು ಉಳಿಯುತ್ತದೆ. ಸೀಸದ ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ. ಎಲ್ಲ ಬೀಜವನ್ನೂ ಒಂದೇ ವರ್ಷ ಬಿತ್ತಬೇಡಿ, ಕಾಲುಭಾಗ ಡಬ್ಬಿಯಲ್ಲೇ ಇರಲಿ.

ಬಿತ್ತುವ ಮುಂಚೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ, 80 ಮೊಳೆತರೆ ಸರಿ. ಕುಯ್ದ ಹೊಸದರಲ್ಲಿ ಕೆಲವು ನಾಟಿ ಭತ್ತ ಮೊಳೆಯುವುದಿಲ್ಲ, ನಿದ್ದೆಯಲ್ಲಿರುತ್ತದೆ, ಕೆಲವು ವಾರ ಬಿಟ್ಟು ನೋಡಿ. ಜೊಳ್ಳು ಬೇರೆ ಮಾಡುವುದಕ್ಕೆ ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಹಾಕಿ, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆಯಿರಿ. ಮುಳ್ಳಿನ ಭತ್ತವಾದರೆ ಮೊದಲು ಗೋಣಿಯ ಮೇಲೆ ಉಜ್ಜಿ ಮುಳ್ಳು ಮುರಿಯಿರಿ, ಇಲ್ಲದಿದ್ದರೆ ಮುಳ್ಳಿನಲ್ಲಿ ಗಾಳಿ ಗುಳ್ಳೆ ಹಿಡಿದುಕೊಂಡು ಗಟ್ಟಿ ಕಾಳೂ ತೇಲಿಬಿಡುತ್ತದೆ.

ಕ್ರಾಸ್ ಮಾಡಿ ನೋಡಬೇಕು ಅನ್ನುವವರಿಗೆ

ಇದಕ್ಕೆ ಸಣ್ಣ ಕತ್ತರಿ, ಮೊನಚು ಚಿಮಟ, ಬೆಣ್ಣೆ ಕಾಗದದ ಚೀಲ ಸಾಕು. ತಾಯಿ ಗಿಡದ ತೆನೆ ಅರ್ಧ ಹೊರಬಂದಿರುವಾಗ, ಸಂಜೆ, ಇನ್ನೂ ಅರಳದ ಹೂಗಳ ಮೇಲಿನ ಮೂರನೇ ಒಂದು ಭಾಗವನ್ನು ಓರೆಯಾಗಿ ಕತ್ತರಿಸಿ. ಬೆಳಕಿಗೆ ಹಿಡಿದರೆ ಒಳಗೆ ಆರು ಹಳದಿ ಚೀಲಗಳು ಕಾಣುತ್ತವೆ. ಅವೇ ಪರಾಗದ ಚೀಲ. ಆರನ್ನೂ ಚಿಮಟದಿಂದ ಎತ್ತಿ. ಒಂದು ಉಳಿದರೂ ಅದು ತನ್ನ ಪರಾಗವನ್ನೇ ತಾನು ತೆಗೆದುಕೊಳ್ಳುತ್ತದೆ. ನಡುವೆ ಗರಿಯಂಥ ಎರಡು ಬಿಳಿ ಎಳೆ ಇರುತ್ತದೆ, ಅದಕ್ಕೆ ಪೆಟ್ಟಾಗಬಾರದು. ಉಳಿದ ಹೂಗಳನ್ನೆಲ್ಲ ಕತ್ತರಿಸಿ ಹಾಕಿ, ಚೀಲ ಕಟ್ಟಿ. ಮಾರನೇ ದಿನ ಹತ್ತು ಗಂಟೆಯ ಹೊತ್ತಿಗೆ ತಂದೆ ಗಿಡದ ಅರಳುತ್ತಿರುವ ತೆನೆಯನ್ನು ತಂದು ಅದರ ಮೇಲೆ ಮೆಲ್ಲಗೆ ಕೊಡವಿ, ಮತ್ತೆ ಚೀಲ ಕಟ್ಟಿ, ಎರಡರ ಹೆಸರೂ ತಾರೀಖೂ ಬರೆದು ನೇತುಹಾಕಿ. ನಾಲ್ಕು ವಾರಕ್ಕೆ ಹೊಟ್ಟು ಅರ್ಧ ತೆರೆದ, ಅಕ್ಕಿ ಇಣುಕುವ ಐದಾರು ಕಾಳು ಸಿಕ್ಕರೂ ಗೆದ್ದಿರಿ.

ಮೊದಲ ವರ್ಷ ಆ ಕಾಳಿನ ಗಿಡಗಳೆಲ್ಲ ಒಂದೇ ತರ ಇರುತ್ತವೆ. ಎರಡನೇ ಪೀಳಿಗೆಯಲ್ಲಿ ಎಲ್ಲ ಗುಣವೂ ಚೆದುರಿ ಹೊರಗೆ ಬರುತ್ತದೆ, ಆಗ ಸಾಧ್ಯವಾದಷ್ಟು ಜಾಸ್ತಿ ಗಿಡ ಬೆಳೆಯಬೇಕು. ಅಲ್ಲಿಂದ ಆರಿಸುತ್ತಾ ಹೋದರೆ ಆರೇಳು ಪೀಳಿಗೆಗೆ ನೆಲೆ ನಿಲ್ಲುತ್ತದೆ. ವರ್ಷಕ್ಕೊಂದೇ ಬೆಳೆ ಅಂದರೆ ಆರೇಳು ವರ್ಷ. ತಳಿ ವಿಜ್ಞಾನಿಗಳ ಮೇಲೆ ಗೌರವ ಬರುವುದು ಈ ಲೆಕ್ಕ ಹಾಕಿದಾಗ. ಕ್ರಾಸಿನ ಮಕ್ಕಳನ್ನು ಮೂಲ ತಳಿಯ ಗುಂಟೆಗೆ ಸೇರಿಸಬೇಡಿ. ಬೇರೆ ಜಾಗ, ಬೇರೆ ಡಬ್ಬಿ, ಬೇರೆ ಹೆಸರು.

ಕಾನೂನು, ಕೊನೆಗೆ ಬೀಜ ಹಂಚುವುದು

2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆಯ 39ನೇ ಕಲಂ ರೈತರಿಗೆ ಬೀಜ ಇಟ್ಟುಕೊಳ್ಳುವ, ಮತ್ತೆ ಬಿತ್ತುವ, ಹಂಚುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕು ಕೊಟ್ಟಿದೆ. ಕಾಯ್ದೆಯಡಿ ಸಂರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ ಅಷ್ಟೇ. ನಿಮ್ಮ ಊರಿನ ತಳಿಯನ್ನು ರೈತರ ತಳಿ ಅಂತ ನೋಂದಾಯಿಸುವುದಕ್ಕೂ ಅದರಲ್ಲೇ ದಾರಿ ಇದೆ, ನೋಂದಣಿ ಮಾಡುವ ಪ್ರಾಧಿಕಾರದ ಒಂದು ಶಾಖೆ ಶಿವಮೊಗ್ಗದಲ್ಲೇ ಇದೆ. ಅರ್ಜಿಗೆ ತಳಿಯ ವಿವರ ಕೇಳುತ್ತಾರೆ, ಆಗ ನಾನು ಮೊದಲು ಹೇಳಿದ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ.

ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಇಡುತ್ತಾರೆ. ಅದು ಬೇಕೇ ಬೇಕು. ಆದರೆ ಡಬ್ಬಿಯೊಳಗಿನ ಬೀಜ ಈ ವರ್ಷದ ಮಳೆ ನೋಡಿರುವುದಿಲ್ಲ, ಹೊಸ ರೋಗ ನೋಡಿರುವುದಿಲ್ಲ. ಅದನ್ನೆಲ್ಲ ನೋಡಿ ಬದಲಾಗುತ್ತಾ ಹೋಗುವುದು ಗದ್ದೆಯಲ್ಲಿರುವ ಬೀಜ ಮಾತ್ರ.

ಹಾಗಾಗಿ ಕುಯ್ಲು ಮುಗಿದ ತಿಂಗಳೊಳಗೆ ಎರಡು ಮನೆಗೆ ಅರ್ಧರ್ಧ ಸೇರು ಬೀಜ ಕೊಟ್ಟುಬಿಡಿ. ಇಬ್ಬರೂ ಒಂದೇ ಊರಿನವರಾಗದಿರಲಿ, ಒಂದು ಊರಿಗೆ ಕೆರೆ ಒಡೆದು ನೀರು ನುಗ್ಗಿದರೆ ಇನ್ನೊಂದು ಊರಿನಲ್ಲಿ ಇರುತ್ತದೆ. ಯಾರಿಗೆ, ಯಾವ ತಾರೀಖು, ಎಷ್ಟು ಕೊಟ್ಟಿರಿ ಅಂತ ಬರೆದಿಡಿ. ಬೀಜಕ್ಕೆ ದುಡ್ಡು ಕೇಳಬೇಡಿ, ಅದರ ಬದಲು ಬೆಳೆದ ಮೇಲೆ ಒಂದಕ್ಕೆ ಎರಡರಷ್ಟು ವಾಪಸ್ ಕೊಡಬೇಕು ಅಂತ ಮಾತು ತೆಗೆದುಕೊಳ್ಳಿ. ನನಗೆ ಆ ಅಜ್ಜಿ ಎರಡನೇ ಸಲ ಕೊಟ್ಟಿದ್ದು ಎರಡು ಸೇರು, ನಾನು ಮುಂದಿನ ಸುಗ್ಗಿಗೆ ನಾಲ್ಕು ಸೇರು ಅಳೆದು ಕೊಟ್ಟೆ. ಅವರು ಅದರಲ್ಲಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಬಾಗಿಲ ಬೆಳಕಿಗೆ ಹೋಗಿ ನೋಡಿ, ಒಂದೇ ಒಂದು ಸಣ್ಣ ಕಾಳು ಹುಡುಕಿ ತೆಗೆದು ಹೊರಗೆ ಕೋಳಿಗೆ ಹಾಕಿ, ಉಳಿದದ್ದನ್ನು ತಮ್ಮ ಡಬ್ಬಿಗೆ ಸುರಿದುಕೊಂಡರು.